ಓದುಗರ ಪ್ರಶ್ನೆ: ಸೋಲುತ್ತಿರುವ ತಂಡ ತಾರೆಯನ್ನು ತರಬೇಕೆ, ತಳಪಾಯ ತೋಡಬೇಕೆ?

ಪ್ರಶ್ನೆ: ನಾವು ಅಮೆರಿಕದ ಸ್ಯಾಕ್ರಮೆಂಟೊ ನಗರದ ಪಕ್ಕದಲ್ಲಿ ವಾಸವಾಗಿದ್ದೇವೆ. ಮಗನೂ ನಾನೂ ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡವಾದ ಸ್ಯಾಕ್ರಮೆಂಟೊ ಕಿಂಗ್ಸ್‌ನ ಅಭಿಮಾನಿಗಳು. 2025ರ ಫೆಬ್ರುವರಿಯಲ್ಲಿ ಡಿಆರನ್ ಫಾಕ್ಸ್ ಅವರನ್ನು ಬಿಟ್ಟುಕೊಟ್ಟ ಮೇಲೆ ತಂಡಕ್ಕೆ ದಿಕ್ಕೇ ಇಲ್ಲದಂತಾಗಿದೆ. ಇನ್ನೊಬ್ಬ ದೊಡ್ಡ ಆಟಗಾರನನ್ನು ಟ್ರೇಡ್ ಮಾಡಿ, ಅಂದರೆ ನಮ್ಮಲ್ಲಿರುವವರನ್ನು ಬೇರೆ ತಂಡಕ್ಕೆ ಕೊಟ್ಟು, ತರಬೇಕೆಂಬುದು ಮಗನ ವಾದ. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಬೇಕೆಂಬುದು ನನ್ನ ವಾದ. ಯಾರ ಮಾತು ಸರಿ?
— ಓದುಗರೊಬ್ಬರು, ಫಾಲ್ಸಮ್, ಕ್ಯಾಲಿಫೋರ್ನಿಯಾ

ಉತ್ತರ: ನನ್ನ ಒಲವು ನಿಮ್ಮ ಕಡೆಗೇ ಇದೆ. ಆದರೆ ನಿಮ್ಮ ಮಗ ಹಾಗೆ ಹೇಳುವುದಕ್ಕೆ ಕಾರಣವಿಲ್ಲದೆ ಇಲ್ಲ. 2022ರ ಫೆಬ್ರುವರಿಯಲ್ಲಿ ಕಿಂಗ್ಸ್ ತಂಡವು ಆಗ 21 ವರ್ಷದವರಾಗಿದ್ದ ಟೈರೀಸ್ ಹ್ಯಾಲಿಬರ್ಟನ್ ಅವರನ್ನು ಇಂಡಿಯಾನಾ ಪೇಸರ್ಸ್‌ಗೆ ಕೊಟ್ಟು ಡೊಮಾಂಟಾಸ್ ಸಬೋನಿಸ್ ಅವರನ್ನು ಪಡೆಯಿತು. ಮುಂದಿನ ಸೀಸನ್‌ನಲ್ಲಿಯೇ 48 ಪಂದ್ಯಗಳನ್ನು ಗೆದ್ದು, ಸತತ 16 ಸೀಸನ್‌ಗಳ ಕಾಲ ತಪ್ಪಿಹೋಗಿದ್ದ ಪ್ಲೇಆಫ್ ಪ್ರವೇಶವನ್ನು ದಕ್ಕಿಸಿಕೊಂಡಿತು. ಆ ವರ್ಷ ಪ್ರತಿ ಗೆಲುವಿನ ನಂತರ ಕ್ರೀಡಾಂಗಣದ ಮಾಡಿನಿಂದ ಆಕಾಶಕ್ಕೆ ಚಿಮ್ಮುತ್ತಿದ್ದ ನೇರಳೆ ಬೆಳಕಿನ ಕಂಬವನ್ನು ನೀವಿಬ್ಬರೂ ಮನೆಯಂಗಳದಿಂದಲೇ ಹುಡುಕಿ ನೋಡಿರಬಹುದು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನು ನಾನು ಇಲ್ಲಿ ನಡುರಾತ್ರಿ ಕಳೆದ ಮೇಲೆ ಎದ್ದು ಕುಳಿತು ನೋಡಿದ್ದೆ; ಸ್ಟೀಫನ್ ಕರಿ ಒಬ್ಬರೇ 50 ಅಂಕ ಗಳಿಸಿ ಕಿಂಗ್ಸ್ ಕನಸನ್ನು ಮುಗಿಸಿದ ಆ ರಾತ್ರಿ ಮತ್ತೆ ನಿದ್ದೆ ಹತ್ತಲಿಲ್ಲ. ಅಂಥ ಒಂದು ವಸಂತವನ್ನು ಕಂಡ ಹುಡುಗ ಟ್ರೇಡ್ ಎಂಬ ಮಾತನ್ನು ನಂಬುವುದು ಸಹಜ.

ಆದರೆ ಆ ವಸಂತ ಮರಳಿ ಬರಲಿಲ್ಲ. 2023–24ರಲ್ಲಿ 46 ಪಂದ್ಯ ಗೆದ್ದರೂ ತಂಡವು ಪ್ಲೇಆಫ್ ತಲುಪಲಿಲ್ಲ. ಆಗ ಆಡಳಿತವು 35ರ ಹೊಸ್ತಿಲಲ್ಲಿದ್ದ ಡೆಮಾರ್ ಡಿರೋಜನ್ ಅವರನ್ನು ತಂದಿತು. ಅದೂ ಸಾಲದೆಹೋದಾಗ, ಫಾಕ್ಸ್ ಅವರನ್ನು ಸ್ಯಾನ್ ಆಂಟೋನಿಯೊಗೆ ಕಳುಹಿಸಿದ ಮೂರು ತಂಡಗಳ ಟ್ರೇಡ್‌ನಲ್ಲಿ ಝಾಕ್ ಲವೀನ್ ಅವರನ್ನು ಪಡೆಯಿತು. ಇವರಿಬ್ಬರೂ ಒಳ್ಳೆಯ ಆಟಗಾರರೇ. ಆದರೆ ಇದೇ ಜೋಡಿಯು 2021ರಿಂದ ಮೂರು ಸೀಸನ್ ಶಿಕಾಗೊ ಬುಲ್ಸ್ ತಂಡದಲ್ಲಿ ಒಟ್ಟಿಗೆ ಇದ್ದಾಗ, ಆ ತಂಡವು ಒಮ್ಮೆ ಮಾತ್ರ ಪ್ಲೇಆಫ್‌ಗೆ ಹೋಗಿ, ಅಲ್ಲಿಯೂ ಒಂದೇ ಪಂದ್ಯ ಗೆದ್ದು ಮರಳಿತ್ತು. ಒಂದು ಊರಿನಲ್ಲಿ ಫಲ ಕೊಡದ ಜೋಡಣೆಯನ್ನು ಹೆಚ್ಚಿನ ವಯಸ್ಸಿನಲ್ಲಿ, ದುಬಾರಿ ಒಪ್ಪಂದಗಳೊಂದಿಗೆ ಇನ್ನೊಂದು ಊರಿಗೆ ತಂದು ನಿಲ್ಲಿಸಿದರೆ ಬೇರೆ ಫಲ ಬರುತ್ತದೆಂದು ನಂಬಲು ನನಗೆ ಆಧಾರ ಕಾಣಲಿಲ್ಲ. 2024–25ರ ಸೀಸನ್ 40 ಗೆಲುವು, 42 ಸೋಲುಗಳಲ್ಲಿ ಮುಗಿಯಿತು. ಅದೇ ವರ್ಷ ಹ್ಯಾಲಿಬರ್ಟನ್ ಇಂಡಿಯಾನಾವನ್ನು ಫೈನಲ್‌ವರೆಗೆ ಕೊಂಡೊಯ್ದರು.

ಕಿಂಗ್ಸ್ ಮಾಡಿದ ತಪ್ಪುಗಳಲ್ಲಿ ನನ್ನನ್ನು ಇಂದಿಗೂ ಕಾಡುವುದು 2015ರ ಜುಲೈನ ವ್ಯವಹಾರ. ರೇಜನ್ ರಾಂಡೊ ಮುಂತಾದ ಅನುಭವಿಗಳಿಗೆ ಸಂಬಳ ಕೊಡಲು ಲೀಗ್‌ನ ಸಂಬಳದ ಮಿತಿಯೊಳಗೆ ಜಾಗ ಮಾಡಿಕೊಳ್ಳುವ ಸಲುವಾಗಿ ತಂಡವು ಮೂವರು ಆಟಗಾರರ ಒಪ್ಪಂದದ ಹೊರೆಯನ್ನು ಫಿಲಡೆಲ್ಫಿಯಾ ತಂಡದ ಹೆಗಲಿಗೆ ದಾಟಿಸಿತು. ಅದನ್ನು ಹೊತ್ತುಕೊಂಡಿದ್ದಕ್ಕೆ ಪ್ರತಿಯಾಗಿ ಮುಂದಿನ ವರ್ಷಗಳ ಡ್ರಾಫ್ಟ್‌ನ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಸುತ್ತಿನ ಒಂದು ಆಯ್ಕೆಯನ್ನೂ, ಆಯ್ಕೆಯ ಸ್ಥಾನವನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ರಾಂಡೊ ಒಂದೇ ಸೀಸನ್ ಆಡಿ ಹೊರಟುಹೋದರು; ಆ ಸೀಸನ್‌ನಲ್ಲಿ ತಂಡ ಗೆದ್ದದ್ದು 33 ಪಂದ್ಯ. ಹೆಚ್ಚು ಸೋತ ತಂಡಗಳಿಗೆ ಹೆಚ್ಚು ಅವಕಾಶವಿರುವಂತೆ ಚೀಟಿ ಎತ್ತಿ ಡ್ರಾಫ್ಟ್ ಸರದಿಯನ್ನು ನಿರ್ಧರಿಸುವ 2017ರ ಲಾಟರಿಯಲ್ಲಿ ಕಿಂಗ್ಸ್‌ಗೆ ಅದೃಷ್ಟ ಒಲಿದು ಮೂರನೆಯ ಸ್ಥಾನ ಬಂದಾಗ, ಫಿಲಡೆಲ್ಫಿಯಾ ತನ್ನ ಹಕ್ಕನ್ನು ಚಲಾಯಿಸಿ ಅದನ್ನು ತೆಗೆದುಕೊಂಡು ತನ್ನ ಐದನೆಯ ಸ್ಥಾನವನ್ನು ಕೊಟ್ಟಿತು. ಆ ಮೂರನೆಯ ಸ್ಥಾನ ಕೈಬದಲಾಗಿ ಬಾಸ್ಟನ್ ಪಾಲಾಯಿತು. ಬಾಸ್ಟನ್ ಅದರಲ್ಲಿ ಜೇಸನ್ ಟೇಟಮ್ ಅವರನ್ನು ಆರಿಸಿಕೊಂಡು 2024ರಲ್ಲಿ ಚಾಂಪಿಯನ್ ಆಯಿತು. ಐದನೆಯ ಸ್ಥಾನದಲ್ಲಿ ಸ್ಯಾಕ್ರಮೆಂಟೊಗೆ ಫಾಕ್ಸ್ ಸಿಕ್ಕಿದ್ದು ಪುಣ್ಯವೇ ಸರಿ. ಆದರೂ ಇದು ಬಿತ್ತನೆ ಬೀಜವನ್ನು ಕುಟ್ಟಿ ಅಂದಿನ ಊಟ ಮುಗಿಸಿದ ಲೆಕ್ಕ.

ಇನ್ನು ಕಟ್ಟುವ ದಾರಿಗೆ ಬರೋಣ. 2019ರ ಬೇಸಿಗೆಯಲ್ಲಿ ಓಕ್ಲಹೋಮ ಸಿಟಿ ಥಂಡರ್ ತಂಡವು ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲಿಸ್ ಕ್ಲಿಪರ್ಸ್‌ಗೆ ಕೊಟ್ಟು, ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಎಳೆಯ ಆಟಗಾರನ ಜೊತೆಗೆ ಮೊದಲ ಸುತ್ತಿನ ಐದು ಆಯ್ಕೆಗಳನ್ನು ಪಡೆಯಿತು. ಮುಂದೆ ಒಂದು ಸೀಸನ್‌ನಲ್ಲಿ 22, ಮತ್ತೊಂದರಲ್ಲಿ 24 ಗೆಲುವುಗಳಷ್ಟೇ ದಕ್ಕಿದರೂ ಅದು ಅವಸರಪಡಲಿಲ್ಲ. ಕ್ಲಿಪರ್ಸ್‌ನಿಂದ ಬಂದಿದ್ದ ಒಂದು ಆಯ್ಕೆಯಲ್ಲಿ, ಅದೂ 12ನೆಯ ಸ್ಥಾನದಲ್ಲಿ, ಜೇಲನ್ ವಿಲಿಯಮ್ಸ್ ಸಿಕ್ಕರು. 2024–25ರಲ್ಲಿ ತಂಡವು 68 ಪಂದ್ಯ ಗೆದ್ದು ಚಾಂಪಿಯನ್ ಆಯಿತು. ನಿಮ್ಮ ಮಗನಿಗೆ ಈ ಕಥೆಯ ಇನ್ನೊಂದು ಮುಖವನ್ನೂ ಹೇಳಿ: ತಂಡ ಮಾಗಿದ ಮೇಲೆ, 2024ರಲ್ಲಿ, ಅದೇ ಓಕ್ಲಹೋಮ ಸಿಟಿಯು ಟ್ರೇಡ್ ಮಾಡಿ ಅಲೆಕ್ಸ್ ಕರೂಸೊ ಅವರನ್ನು ತಂದಿತು. ಟ್ರೇಡ್ ಕೆಟ್ಟದ್ದಲ್ಲ; ಯಾರ ಸುತ್ತ ತಂಡ ಕಟ್ಟುತ್ತೇವೆಂಬುದು ಗೊತ್ತಾಗುವ ಮುನ್ನ ಅದನ್ನು ಮಾಡುವುದು ಕೆಟ್ಟದ್ದು.

ಕಿಂಗ್ಸ್‌ನಲ್ಲಿ ಹಾಗೆ ಬೆರಳಿಟ್ಟು ತೋರಿಸಬಹುದಾದ ಆಟಗಾರ ಈಗ ಇಲ್ಲ. 2022ರಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದ ಕೀಗನ್ ಮರ್ರಿ ಮೊದಲ ಸೀಸನ್‌ನಲ್ಲೇ 206 ಮೂರಂಕದ ಬುಟ್ಟಿಗಳನ್ನು ಹಾಕಿ ಹೊಸಬರ ದಾಖಲೆ ಬರೆದವರು, ಅವರನ್ನು ಉಳಿಸಿಕೊಳ್ಳಬೇಕು. ಮೂವತ್ತರ ಆಚೀಚೆ ಇರುವ ಉಳಿದ ದೊಡ್ಡ ಹೆಸರುಗಳಿಗೆ ಬೆಲೆ ಇರುವಾಗಲೇ ಅವರನ್ನು ಬಿಟ್ಟುಕೊಟ್ಟು, ಆಯ್ಕೆಗಳನ್ನು ಕೂಡಿಸಿಕೊಳ್ಳಬೇಕು. ತಂಡವನ್ನು ಮುನ್ನಡೆಸುವ ಗುಂಪನ್ನು 2013ರಲ್ಲಿ ಕಟ್ಟಿದವರು ಮುಂಬೈ ಮೂಲದ ವಿವೇಕ್ ರಣದಿವೆ. 2019ರ ಅಕ್ಟೋಬರ್‌ನಲ್ಲಿ ಇದೇ ಕಿಂಗ್ಸ್ ಮತ್ತು ಇಂಡಿಯಾನಾ ತಂಡಗಳು ಮುಂಬೈಗೆ ಬಂದು ಆಡಿದಾಗ ನಮ್ಮಲ್ಲಿ ಅನೇಕರು ಈ ತಂಡವನ್ನು ಮನಸ್ಸಿಗೆ ಹಚ್ಚಿಕೊಂಡೆವು. ಎರಡು–ಮೂರು ಸೀಸನ್ ಸೋಲನ್ನು ಸಹಿಸುವ ಧೈರ್ಯ ರಣದಿವೆ ಅವರಿಗೆ ಬರಲೆಂದು ಮನಸಾರೆ ಬಯಸುತ್ತೇನೆ.

ಪ್ರಶ್ನೆ: ಐಪಿಎಲ್‌ನಂತೆ ಹರಾಜಿನಲ್ಲಿ ದುಡ್ಡು ಕೊಟ್ಟು ಒಳ್ಳೆಯ ಆಟಗಾರರನ್ನು ಕೊಳ್ಳಬಹುದಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕಿಂಗ್ಸ್ ಆಡುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಹರಾಜು ಇಲ್ಲ. ಒಪ್ಪಂದ ಮುಗಿದ ಆಟಗಾರನಿಗೆ ಸಾಮಾನ್ಯವಾಗಿ ತನಗಿಷ್ಟವಾದ ತಂಡ ಸೇರುವ ಸ್ವಾತಂತ್ರ್ಯವಿರುತ್ತದೆ. ಹೆಚ್ಚಿನವರು ದೊಡ್ಡ ನಗರಗಳ ಕಡೆಗೋ ಗೆಲ್ಲುವ ತಂಡಗಳ ಕಡೆಗೋ ಹೋಗುತ್ತಾರೆ. ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಇರುವುದರಿಂದ, ಆ ಮಿತಿ ದಾಟಿದ ತಂಡವು ಟ್ರೇಡ್ ಮಾಡುವಾಗ ಕೊಡುವ ಮತ್ತು ಪಡೆಯುವ ಆಟಗಾರರ ಸಂಬಳವನ್ನು ಸರಿಸುಮಾರು ಸರಿದೂಗಿಸಬೇಕು. ಆದ್ದರಿಂದ ಸ್ಯಾಕ್ರಮೆಂಟೊದಂಥ ಚಿಕ್ಕ ಪೇಟೆಯ ತಂಡಕ್ಕೆ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಅವಕಾಶವೇ ಮುಖ್ಯ ಆಸರೆ.

ಪ್ರಶ್ನೆ: ಒಳ್ಳೆಯ ಸರದಿ ಸಿಗಲೆಂದು ಬೇಕೆಂದೇ ಸೋಲುವುದು ಆಟಕ್ಕೆ ಬಗೆದ ದ್ರೋಹವಲ್ಲವೇ?
— ಕಾಲೇಜು ತಂಡದ ಆಟಗಾರ್ತಿ, ಮೈಸೂರು

ಉತ್ತರ: ಹೌದು, ನನಗೂ ಅದು ದ್ರೋಹವೆಂದೇ ತೋರುತ್ತದೆ. ಅಂಗಣದಲ್ಲಿರುವ ಆಟಗಾರರು ಸೋಲಲೆಂದು ಆಡುವುದಿಲ್ಲ. ಸೋಲುವಂಥ ತಂಡವನ್ನು ಕಣಕ್ಕಿಳಿಸುವುದು ಆಡಳಿತ. ಫಿಲಡೆಲ್ಫಿಯಾ 2013ರಿಂದ ಮೂರು ಸೀಸನ್ ಹೀಗೆಯೇ ನಡೆದು, ಕೊನೆಯದರಲ್ಲಿ 82ರ ಪೈಕಿ 10 ಪಂದ್ಯ ಗೆದ್ದಿತು. ಅದರಿಂದ ಜೋಯೆಲ್ ಎಂಬೀಡ್‌ರಂಥ ಮಹಾ ಆಟಗಾರ ದೊರೆತರೂ, ಅವರ ಸುತ್ತ ಕಟ್ಟಿದ ತಂಡಕ್ಕೆ ಚಾಂಪಿಯನ್ ಪಟ್ಟ ದಕ್ಕಲಿಲ್ಲ. 2019ರಿಂದ ಲಾಟರಿಯ ನಿಯಮವನ್ನು ಬದಲಿಸಿ, ಕಟ್ಟಕಡೆಯ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆಯನ್ನು ಶೇ 25ರಿಂದ ಶೇ 14ಕ್ಕೆ ಇಳಿಸಲಾಯಿತು. ಡೆಟ್ರಾಯಿಟ್ ಪಿಸ್ಟನ್ಸ್ ತಂಡವು 2023 ಮತ್ತು 2024ರಲ್ಲಿ ಕಟ್ಟಕಡೆಗೆ ನಿಂತರೂ ಎರಡೂ ಸಲ ಅದಕ್ಕೆ ಐದನೆಯ ಆಯ್ಕೆಯೇ ದಕ್ಕಿತು. ಆ ತಂಡವನ್ನು ಮೇಲೆತ್ತಿದ್ದು ಸೋಲಲ್ಲ. 2021ರಲ್ಲಿ ಆರಿಸಿಕೊಂಡ ಕೇಡ್ ಕನಿಂಗ್‌ಹ್ಯಾಮ್ ಅವರನ್ನು ಕೈಬಿಡದೆ ಬೆಳೆಸಿ, 2024ರ ಬೇಸಿಗೆಯಲ್ಲಿ ಹೊಸ ಕೋಚ್‌ನನ್ನೂ, ಟೋಬಾಯಸ್ ಹ್ಯಾರಿಸ್ ಅವರಂಥ ಅನುಭವಿಗಳನ್ನೂ ಅವರ ಜೊತೆಗೆ ನಿಲ್ಲಿಸಿದರು. ಹಿಂದಿನ ವರ್ಷ ಸತತ 28 ಪಂದ್ಯಗಳನ್ನು ಸೋತು ಒಟ್ಟು 14 ಮಾತ್ರ ಗೆದ್ದಿದ್ದ ಡೆಟ್ರಾಯಿಟ್ ಆ ಸೀಸನ್‌ನಲ್ಲಿ 44 ಗೆದ್ದಿತು. 2025ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಅಂಗಣದಲ್ಲಿ, 2008ರ ನಂತರದ ತನ್ನ ಮೊದಲ ಪ್ಲೇಆಫ್ ಗೆಲುವನ್ನು ದಕ್ಕಿಸಿಕೊಂಡಿತು.