ಪಾಪಕ್ಷಮೆ ಕೇಳಿದ ನೆನಪಿಲ್ಲ ಎಂದವರಿಗೆ ಚರ್ಚಿನವರ ಓಟು ಬಿದ್ದದ್ದು ಹೇಗೆ?

ಅಮೆರಿಕದ 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಧಾರ್ಮಿಕ ಸಂಪ್ರದಾಯವಾದಿ ಮತದಾರರು ಉದ್ಯಮಿ, ಟಿ.ವಿ. ತಾರೆ ಡೊನಾಲ್ಡ್ ಟ್ರಂಪ್ ಅವರನ್ನು ಹೇಗೆ ಅಳೆದು ತೂಗಿದರು ಎಂಬ ಬಗ್ಗೆ ಓದುಗರಿಂದ ಹಲವು ಪತ್ರಗಳು ಬಂದಿವೆ. ಆಯ್ದ ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೂರು ಮದುವೆ, ಕ್ಯಾಸಿನೊ ವ್ಯಾಪಾರ, ರಿಯಾಲಿಟಿ ಶೋ ಹಿನ್ನೆಲೆಯ ಟ್ರಂಪ್‌ಗೆ ಶೇ 81ರಷ್ಟು ಇವ್ಯಾಂಜೆಲಿಕಲ್ ಕ್ರೈಸ್ತರು ಓಟು ಹಾಕಿದರು ಎಂದು ಓದಿದೆ. ಈ ಅಂಕಿ ನಿಜವೇ?
— ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಂಕಿ ನಿಜ. (ಬೈಬಲ್ಲೇ ಪರಮ ಪ್ರಮಾಣ, ಪ್ರತಿಯೊಬ್ಬರೂ ವೈಯಕ್ತಿಕವಾಗಿ ಯೇಸುವಿಗೆ ಒಲಿದು ಮನಸ್ಸು ತಿರುಗಿಸಿಕೊಳ್ಳಬೇಕು ಎನ್ನುವ ಪ್ರೊಟೆಸ್ಟೆಂಟರೇ ಇವ್ಯಾಂಜೆಲಿಕಲ್‌ಗಳು.) ಆದರೆ ಅದರ ಹಿಂದೆ ಇರಬೇಕಾದ ‘ಬಿಳಿಯ’ ಎಂಬ ಪದವನ್ನು ಬಹಳ ಜನ ನುಂಗಿಬಿಡುತ್ತಾರೆ. 2016ರ ನವೆಂಬರ್ 8ರಂದು ಮತಗಟ್ಟೆಯಿಂದ ಹೊರಬಂದವರ ಕೈಗೆ ಒಂದು ಪ್ರಶ್ನೆಪತ್ರಿಕೆ ಕೊಟ್ಟಿದ್ದರು. ‘ನೀವು ಬಾರ್ನ್ ಅಗೇನ್ (ನಂಬಿಕೆಯಲ್ಲಿ ಮರುಹುಟ್ಟು ಪಡೆದವರು) ಅಥವಾ ಇವ್ಯಾಂಜೆಲಿಕಲ್ ಕ್ರೈಸ್ತರೇ?’ ಎಂಬುದು ಅದರಲ್ಲಿದ್ದ ಒಂದು ಪ್ರಶ್ನೆ. ಯಾವ ಚರ್ಚಿನ ಸದಸ್ಯರು, ವಾರಕ್ಕೆ ಎಷ್ಟು ಸಲ ಆರಾಧನೆಗೆ ಹೋಗುತ್ತೀರಿ ಎಂದು ಯಾರೂ ಪರಿಶೀಲಿಸುವುದಿಲ್ಲ. ತಮ್ಮನ್ನು ತಾವು ಹಾಗೆ ಕರೆದುಕೊಂಡರೆ ಸಾಕು. ಹೌದು ಎಂದವರಲ್ಲಿ ಬಿಳಿಯರನ್ನು ಮಾತ್ರ ಬೇರೆ ಮಾಡಿ ನೋಡಿದಾಗ ಶೇ 81 ಟ್ರಂಪ್‌ಗೆ, ಶೇ 16 ಎದುರಾಳಿ ಹಿಲರಿ ಕ್ಲಿಂಟನ್‌ಗೆ ಎಂದಾಯಿತು. ಅದೇ ಬೈಬಲ್ ಓದಿ ಅದೇ ಬಗೆಯಲ್ಲಿ ಪ್ರಾರ್ಥಿಸುವ ಕಪ್ಪು ಪ್ರೊಟೆಸ್ಟೆಂಟರು ಬಹುಮಟ್ಟಿಗೆ ಹಿಲರಿ ಕಡೆಗಿದ್ದರು. ಅವರನ್ನು ಲೆಕ್ಕದಿಂದ ಬಿಟ್ಟು ‘ಕ್ರೈಸ್ತರು ಹೀಗೆ ಮಾಡಿದರು’ ಎನ್ನುವುದು ತಪ್ಪು.

ಈ ಗುಂಪಿನ ತೂಕ ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ಓಟು ಹಾಕಿದ 100 ಜನರಲ್ಲಿ 26 ಮಂದಿ ಬಿಳಿಯ ಇವ್ಯಾಂಜೆಲಿಕಲ್‌ಗಳು. 26ರಲ್ಲಿ ಶೇ 81 ಅಂದರೆ 21. ಟ್ರಂಪ್‌ಗೆ ಒಟ್ಟು ಸಿಕ್ಕಿದ್ದು 100ಕ್ಕೆ 46. ಅಂದರೆ ಅವರ ಓಟಿನಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಈ ಒಂದೇ ಗುಂಪಿನದು. ಗೆಲುವು ನಿರ್ಧಾರವಾದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರನ್ನೂ ಕೂಡಿಸಿದರೆ ಅಂತರ 78,000 ಓಟನ್ನೂ ದಾಟಿರಲಿಲ್ಲ. ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ಆಮೇಲೆ ಮಾಡಿದ ಅಧ್ಯಯನದಲ್ಲಿ 81 ಎಂಬುದು 77ಕ್ಕೆ ಇಳಿಯಿತು. ಚಿತ್ರವೇನೂ ಬದಲಾಗಲಿಲ್ಲ.

ಪ್ರಶ್ನೆ: ಇವರಿಗೆ ಟ್ರಂಪ್ ಮೊದಲಿನಿಂದಲೂ ಅಚ್ಚುಮೆಚ್ಚಾಗಿರಲಿಲ್ಲ ಎನ್ನುತ್ತಾರೆ. ಹಾಗಿದ್ದರೆ ಪಕ್ಷದೊಳಗಿನ ಸ್ಪರ್ಧೆಯಲ್ಲೇ ತಡೆಯಬಹುದಿತ್ತಲ್ಲ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಒಂದು ರಾಜ್ಯದಲ್ಲಿ ತಡೆದರು. ಮೂರೇ ವಾರದೊಳಗೆ ಇನ್ನೊಂದರಲ್ಲಿ ಕೈಜಾರಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಾರಣ ಕಾಣುತ್ತದೆ.

ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ರಾಜ್ಯ ರಾಜ್ಯದಲ್ಲೂ ಓಟು ನಡೆಯುತ್ತದೆ. ಅಯೋವಾದಲ್ಲಿ ನಡೆಯುವುದು ಕಾಕಸ್, ಅಂದರೆ ಸಭೆ ಸೇರಿ ಆರಿಸುವ ಪದ್ಧತಿ. 2016ರ ಫೆಬ್ರುವರಿ 1ರಂದು ಸಂಜೆ 7 ಗಂಟೆಗೆ ರಿಪಬ್ಲಿಕನ್ ಮತದಾರರು ತಮ್ಮ ತಮ್ಮ ವಾರ್ಡಿನ ಶಾಲೆ, ಚರ್ಚ್ ಹಾಲ್, ಸಮುದಾಯ ಭವನಗಳಲ್ಲಿ ಸೇರಿದರು. ಪ್ರತಿ ಅಭ್ಯರ್ಥಿಯ ಪರವಾಗಿ ಒಬ್ಬರು ಕೆಲವು ನಿಮಿಷ ಮಾತಾಡುತ್ತಾರೆ. ನಂತರ ಚೀಟಿಯಲ್ಲಿ ಗುಟ್ಟಾಗಿ ಓಟು, ಅಲ್ಲೇ ಎಣಿಕೆ. ಚಳಿಗಾಲದ ರಾತ್ರಿಯಲ್ಲಿ ಮನೆಬಿಟ್ಟು ಬಂದು ಕೂರುವ ಜನ ಬೇಕು. ವಾರವಾರ ತಪ್ಪದೆ ಸೇರುವ ಅಭ್ಯಾಸವಿರುವ ಚರ್ಚುಗಳಿಗೆ ಇದು ಹೇಳಿ ಮಾಡಿಸಿದ ಪದ್ಧತಿ. ಬಂದವರಲ್ಲಿ ಸುಮಾರು ಮೂರನೇ ಎರಡು ಭಾಗ ಇವ್ಯಾಂಜೆಲಿಕಲ್‌ಗಳೇ ಇದ್ದರು. ಧರ್ಮಬೋಧಕರ ಮಗ ಟೆಡ್ ಕ್ರೂಜ್ ಶೇ 27.6 ಪಡೆದು ಗೆದ್ದರು, ಟ್ರಂಪ್ ಶೇ 24.3ಕ್ಕೆ ನಿಂತರು.

ದಕ್ಷಿಣ ಕೆರೊಲಿನಾದ್ದು ಪ್ರೈಮರಿ, ಅಂದರೆ ಮತಗಟ್ಟೆಯ ಓಟು. ಬೆಳಿಗ್ಗೆಯಿಂದ ಸಂಜೆವರೆಗೆ ಯಾವಾಗ ಬೇಕಾದರೂ ಬಂದು ಓಟು ಹಾಕಿ ಹೋಗಬಹುದು. ಪಕ್ಷದ ಸದಸ್ಯರೇ ಆಗಿರಬೇಕೆಂದೂ ಇಲ್ಲ. ಫೆಬ್ರುವರಿ 20ರಂದು ಅಲ್ಲಿ ಓಟು ಹಾಕಿದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಇವ್ಯಾಂಜೆಲಿಕಲ್‌ಗಳು. ಲೆಕ್ಕದ ಪ್ರಕಾರ ಕ್ರೂಜ್‌ಗೆ ಇದು ಅಯೋವಾಕ್ಕಿಂತ ಹಸನಾದ ನೆಲ. ಆದರೆ ಟ್ರಂಪ್‌ಗೆ ಬೀಳದ ಇವ್ಯಾಂಜೆಲಿಕಲ್ ಓಟು ಕ್ರೂಜ್, ಮಾರ್ಕೊ ರುಬಿಯೊ, ಬೆನ್ ಕಾರ್ಸನ್ ನಡುವೆ ಹರಿದು ಹಂಚಿಹೋಯಿತು. ಟ್ರಂಪ್ 32.5, ರುಬಿಯೊ 22.5, ಕ್ರೂಜ್ 22.3. ಆ ರಾಜ್ಯದ ನಿಯಮ ಹೀಗಿತ್ತು: ರಾಜ್ಯದಲ್ಲಿ ಮೊದಲು ಬಂದವರಿಗೆ 29 ಡೆಲಿಗೇಟ್‌ಗಳು (ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಮಾವೇಶದ ಪ್ರತಿನಿಧಿಗಳು), ಏಳು ಕ್ಷೇತ್ರಗಳಲ್ಲಿ ಒಂದೊಂದರಲ್ಲೂ ಮೊದಲು ಬಂದವರಿಗೆ ಮೂರು ಮೂರು. ಎಲ್ಲ ಕಡೆ ಟ್ರಂಪ್ ಅವರೇ ಮುಂದೆ. ಮೂರನೇ ಒಂದು ಭಾಗ ಓಟಿಗೆ 50ಕ್ಕೆ 50 ಡೆಲಿಗೇಟ್‌ಗಳು! ಅಯೋವಾದಲ್ಲಿ ಪ್ರಮಾಣಕ್ಕೆ ತಕ್ಕಂತೆ ಹಂಚಿದ್ದರಿಂದ ಗೆದ್ದ ಕ್ರೂಜ್‌ಗೆ ಸಿಕ್ಕಿದ್ದು 8, ಸೋತ ಟ್ರಂಪ್‌ಗೆ 7.

ಇನ್ನೊಂದು ಸೂಕ್ಷ್ಮವಿದೆ. ಪ್ರೈಮರಿಗಳ ಹೊತ್ತಿನಲ್ಲಿ ವಾರವಾರ ಆರಾಧನೆಗೆ ಹೋಗುವವರಲ್ಲಿ ಕ್ರೂಜ್ ಬಲವಾಗಿದ್ದರು; ಹೆಸರಿಗೆ ಇವ್ಯಾಂಜೆಲಿಕಲ್, ಚರ್ಚಿಗೆ ಅಪರೂಪ ಎನ್ನುವವರಲ್ಲಿ ಟ್ರಂಪ್ ಬಲವಾಗಿದ್ದರು. ಸಭಾಪಾಲಕರ (ಚರ್ಚಿನ ಪಾದ್ರಿಗಳ) ಮಾತು ಮುಟ್ಟದ ಜಾಗ ಅದು.

ಪ್ರಶ್ನೆ: ಟ್ರಂಪ್ ಬೈಬಲ್ ಗ್ರಂಥದ ಹೆಸರನ್ನೇ ತಪ್ಪಾಗಿ ಹೇಳಿದರು ಎಂಬ ಗಲಾಟೆ ಏನು?
— ಓದುಗರು, ಉಡುಪಿ

ಉತ್ತರ: 2016ರ ಜನವರಿ 18ರಂದು ಇವ್ಯಾಂಜೆಲಿಕಲ್‌ಗಳ ಸಂಸ್ಥೆಯಾದ ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ ಅವರು ‘ಟು ಕೊರಿಂಥಿಯನ್ಸ್’ ಎಂದರು. ಅಮೆರಿಕದ ಚರ್ಚುಗಳಲ್ಲಿ ರೂಢಿ ‘ಸೆಕೆಂಡ್ ಕೊರಿಂಥಿಯನ್ಸ್’. ನಮ್ಮಲ್ಲಿ ‘ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ’ ಎನ್ನುವ ಬದಲು ‘ಎರಡು ಕೊರಿಂಥ’ ಎಂದ ಹಾಗೆ. ಭಾನುವಾರದ ಶಾಲೆಯಲ್ಲಿ ಕಲಿತ ಮಗುವಿನ ಕಿವಿಗೂ ಅದು ತಟ್ಟುತ್ತದೆ. ಅದಕ್ಕಿಂತ ಗಂಭೀರವಾದದ್ದು 2015ರ ಜುಲೈನಲ್ಲಿ ಅಯೋವಾದ ಏಮ್ಸ್‌ನಲ್ಲಿ ನಡೆದ ಸಭೆ. ದೇವರಲ್ಲಿ ಎಂದಾದರೂ ಕ್ಷಮೆ ಕೇಳಿದ್ದೀರಾ ಎಂಬ ಪ್ರಶ್ನೆಗೆ, ಕೇಳಿದ್ದೇನೋ ಇಲ್ಲವೋ ಖಚಿತವಿಲ್ಲ ಎಂದರು. ಪಾಪವನ್ನು ಒಪ್ಪಿಕೊಂಡು ಕ್ಷಮೆ ಬೇಡುವುದು ಇವ್ಯಾಂಜೆಲಿಕಲ್ ನಂಬಿಕೆಯ ಬಾಗಿಲು. ಅದನ್ನು ದಾಟದೆ ಒಳಗೆ ಬರಲಾಗದು. ಆ ಉತ್ತರ ಕೇಳಿಯೂ ಲಿಬರ್ಟಿಯ ಆಗಿನ ಮುಖ್ಯಸ್ಥ ಜೆರ್ರಿ ಫಾಲ್ವೆಲ್ ಜೂನಿಯರ್ ಜನವರಿ 26ರಂದು ಟ್ರಂಪ್‌ಗೆ ಬೆಂಬಲ ಘೋಷಿಸಿದರು. ಕ್ರೂಜ್ ತಮ್ಮ ಉಮೇದುವಾರಿಕೆ ಘೋಷಿಸಿದ್ದು ಇದೇ ಲಿಬರ್ಟಿಯ ವೇದಿಕೆಯಿಂದ, 2015ರ ಮಾರ್ಚ್‌ನಲ್ಲಿ.

ಪ್ರಶ್ನೆ: ಅಧ್ಯಕ್ಷರ ಚುನಾವಣೆಯಲ್ಲಿ ನ್ಯಾಯಾಧೀಶರ ವಿಷಯ ಅಷ್ಟು ದೊಡ್ಡದಾದದ್ದು ಯಾಕೆ?
— ಕಿರಿಯ ವಕೀಲರು, ಕಲಬುರಗಿ

ಉತ್ತರ: ಇಡೀ ವಿಷಯದ ಕೀಲು ಇಲ್ಲೇ ಇದೆ. ನಮ್ಮಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಸೂಚಿಸುವುದು ಕೊಲಿಜಿಯಂ, ನಿವೃತ್ತಿ 65ಕ್ಕೆ. ಅಲ್ಲಿ ಅಧ್ಯಕ್ಷರು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪುತ್ತದೆ, ಹುದ್ದೆ ಜೀವಾವಧಿ. ಐವತ್ತರ ಆಸುಪಾಸಿನವರನ್ನು ಕೂರಿಸಿದರೆ ಮೂವತ್ತು ವರ್ಷ ಗಟ್ಟಿ. ಗರ್ಭಪಾತದ ಹಕ್ಕನ್ನು 1973ರಲ್ಲಿ ಮಾನ್ಯ ಮಾಡಿದ್ದೂ, ಸಲಿಂಗ ವಿವಾಹವನ್ನು 2015ರ ಜೂನ್ 26ರಂದು ದೇಶದಾದ್ಯಂತ ಮಾನ್ಯ ಮಾಡಿದ್ದೂ ಇದೇ ಕೋರ್ಟ್.

ಈ ಮತದಾರರಿಗೆ ಹಳೆಯ ಗಾಯವೊಂದಿತ್ತು. ಅಧ್ಯಕ್ಷ ರೇಗನ್ ನೇಮಿಸಿದ ಸಾಂಡ್ರಾ ಡೇ ಒ’ಕಾನರ್ ಮತ್ತು ಆಂಥನಿ ಕೆನಡಿ, ಹಿರಿಯ ಬುಷ್ ನೇಮಿಸಿದ ಡೇವಿಡ್ ಸೌಟರ್, ಮೂವರೂ ಗರ್ಭಪಾತ ಕುರಿತ 1992ರ ಕೇಸಿ ಪ್ರಕರಣದಲ್ಲಿ ಒಟ್ಟಾಗಿ ತೀರ್ಪು ಬರೆದು 1973ರ ಹಕ್ಕಿನ ತಿರುಳನ್ನು ಉಳಿಸಿದರು. ತಾವೇ ಗೆಲ್ಲಿಸಿದ ಅಧ್ಯಕ್ಷರು ಕೂರಿಸಿದವರಿಂದಲೇ ಹೀಗಾಯಿತು. ‘ಇನ್ನು ಸೌಟರ್‌ಗಳು ಬೇಡ’ ಎಂಬುದು ಆ ವಲಯದಲ್ಲಿ ಘೋಷಣೆಯೇ ಆಯಿತು. ಮುಗುಮ್ಮಾದ ಭರವಸೆ ಸಾಲದು, ಹೆಸರು ಬೇಕು ಎಂಬ ಪಟ್ಟು ಹುಟ್ಟಿದ್ದು ಅಲ್ಲಿಂದ.

2016ರ ಫೆಬ್ರುವರಿ 13ರಂದು, ದಕ್ಷಿಣ ಕೆರೊಲಿನಾದ ಮತದಾನಕ್ಕೆ ಒಂದು ವಾರ ಇರುವಾಗ, ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಒಬಾಮ ಹೆಸರಿಸಿದ ಮೆರಿಕ್ ಗಾರ್ಲೆಂಡ್ ಅವರ ವಿಚಾರಣೆಯನ್ನೇ ಸೆನೆಟ್ ನಡೆಸಲಿಲ್ಲ. ಹೀಗೆ ಖಾಲಿ ಕುರ್ಚಿಯೊಂದು ಓಟಿನ ಚೀಟಿಯ ಮೇಲೆ ಬಂದು ಕೂತಿತು. 1999ರಲ್ಲಿ ತಾವು ಗರ್ಭಪಾತ ಹಕ್ಕಿನ ಪರ ಎಂದು ಟಿ.ವಿ.ಯಲ್ಲಿ ಹೇಳಿದ್ದ ಟ್ರಂಪ್ ಮಾತನ್ನು ನಂಬುವವರು ಕಡಿಮೆ ಇದ್ದರು. ಅದಕ್ಕೇ ತಾವು ಯಾರನ್ನು ನ್ಯಾಯಮೂರ್ತಿ ಮಾಡಬಹುದೆಂಬ ಪಟ್ಟಿಯನ್ನು ಅವರು ಬರವಣಿಗೆಯಲ್ಲೇ ಕೊಟ್ಟರು: ಮೇ 18ರಂದು 11 ಹೆಸರು, ಸೆಪ್ಟೆಂಬರ್‌ನಲ್ಲಿ ಮತ್ತೆ 10. ಜುಲೈನಲ್ಲಿ ಇವ್ಯಾಂಜೆಲಿಕಲ್ ವಲಯದವರೇ ಆದ ಮೈಕ್ ಪೆನ್ಸ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದ್ದು ಇದೇ ಒಪ್ಪಂದದ ಇನ್ನೊಂದು ರುಜು. ಮತಗಟ್ಟೆ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರು ಸುಪ್ರೀಂ ಕೋರ್ಟ್ ನೇಮಕವೇ ತಮಗೆ ಎಲ್ಲಕ್ಕಿಂತ ಮುಖ್ಯ ಎಂದಿದ್ದರು. ಅವರಲ್ಲಿ ಶೇ 56 ಟ್ರಂಪ್ ಕಡೆ.

ಒಪ್ಪಂದ ಈಡೇರಿತೇ? ಈಡೇರಿತು. ಗೊರ್ಸಚ್ 2017ರಲ್ಲಿ, ಕ್ಯಾವನಾ 2018ರಲ್ಲಿ, ಬ್ಯಾರೆಟ್ 2020ರಲ್ಲಿ ಕೋರ್ಟಿಗೆ ಬಂದರು. 2022ರ ಜೂನ್ 24ರಂದು 1973ರ ತೀರ್ಪನ್ನು ಬದಿಗೆ ಸರಿಸಿದ ಬಹುಮತದಲ್ಲಿ ಮೂವರೂ ಇದ್ದರು. ಗಮನಿಸಬೇಕಾದ ಸಂಗತಿ: ಮತದಾರರು ನೋಡಿದ ಆ 21 ಹೆಸರುಗಳಲ್ಲಿ ಇದ್ದದ್ದು ಗೊರ್ಸಚ್ ಮಾತ್ರ, ಅದೂ ಎರಡನೇ ಕಂತಿನಲ್ಲಿ. ಉಳಿದಿಬ್ಬರನ್ನು 2017ರ ನವೆಂಬರ್‌ನಲ್ಲಿ ಸೇರಿಸಿದರು. ಪಟ್ಟಿಗೆ ಇನ್ನೊಂದು ಮಿತಿಯೂ ಇತ್ತು. ಅದು ಕೋರ್ಟಿನವರೆಗೆ ಮಾತ್ರ ಕಟ್ಟಿಹಾಕಿತ್ತು, ಮುಂದಿನ ಕಾನೂನಿಗೆ ಅಲ್ಲ. ಗರ್ಭಪಾತದ ವಿಷಯ ರಾಜ್ಯಗಳಿಗೆ ಬಿಟ್ಟದ್ದು ಎಂದು 2024ರಲ್ಲಿ ಟ್ರಂಪ್ ಹೇಳಿದಾಗ, ದೇಶಕ್ಕೆಲ್ಲ ಒಂದೇ ನಿಷೇಧ ಬಯಸಿದ್ದವರ ಕೈಯಲ್ಲಿ ತೋರಿಸಲು ಯಾವ ಕಾಗದವೂ ಇರಲಿಲ್ಲ.

ಪ್ರಶ್ನೆ: ಚರ್ಚಿನ ವೇದಿಕೆಯಿಂದಲೇ ‘ಇವರಿಗೆ ಓಟು ಹಾಕಿ’ ಎನ್ನಬಹುದಿತ್ತೇ?
— ಓದುಗರು, ಹಾಸನ

ಉತ್ತರ: 2016ರಲ್ಲಿ ಕಾನೂನಿನ ಪ್ರಕಾರ ಇಲ್ಲ. ನಮ್ಮಲ್ಲಿ ಧರ್ಮದ ಹೆಸರಿನಲ್ಲಿ ಅಭ್ಯರ್ಥಿ ಓಟು ಕೇಳಿದರೆ ಆಯ್ಕೆಯೇ ರದ್ದಾಗಬಹುದು. ಅಲ್ಲಿ ತಡೆ ಇದ್ದದ್ದು ತೆರಿಗೆ ಕಾನೂನಿನಲ್ಲಿ. ಲಿಂಡನ್ ಜಾನ್ಸನ್ ಸೆನೆಟರ್ ಆಗಿದ್ದಾಗ 1954ರಲ್ಲಿ ತಂದ ತಿದ್ದುಪಡಿಯಂತೆ, ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಯಾವ ಅಭ್ಯರ್ಥಿಯ ಪರವೂ ವಿರುದ್ಧವೂ ಪ್ರಚಾರ ಮಾಡುವಂತಿಲ್ಲ. ಗರ್ಭಪಾತದ ಬಗ್ಗೆ ಉಪದೇಶ ಮಾಡಬಹುದು. ಮತದಾರರ ನೋಂದಣಿಗೆ ಮೇಜು ಹಾಕಬಹುದು. ಎಲ್ಲ ಅಭ್ಯರ್ಥಿಗಳ ನಿಲುವನ್ನು ಸಮನಾಗಿ ತೋರಿಸುವ ಹಾಳೆ ಹಂಚಬಹುದು. ಸಭಾಪಾಲಕರು ಸ್ವಂತ ಹೆಸರಿನಲ್ಲಿ, ಚರ್ಚಿನ ಹೊರಗೆ ಬೆಂಬಲ ಸೂಚಿಸಬಹುದು.

ಎಡವುವುದು ಎಲ್ಲಿ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಬಳಿಯ ಚರ್ಚೊಂದು 1992ರ ಚುನಾವಣೆಗೆ ನಾಲ್ಕು ದಿನ ಇರುವಾಗ ಬಿಲ್ ಕ್ಲಿಂಟನ್‌ಗೆ ಓಟು ಹಾಕಬೇಡಿ ಎಂಬ ಅರ್ಥದ ಪೂರ್ಣಪುಟದ ಜಾಹೀರಾತನ್ನು ಪತ್ರಿಕೆಗಳಲ್ಲಿ ಕೊಟ್ಟಿತು. ಖರ್ಚಿಗೆ ತೆರಿಗೆ ರಿಯಾಯಿತಿಯ ದೇಣಿಗೆ ಕಳಿಸಿ ಎಂದು ಅದರಲ್ಲೇ ಅಚ್ಚು ಹಾಕಿಸಿತ್ತು. 1995ರಲ್ಲಿ ವಿನಾಯಿತಿ ಹೋಯಿತು. 2000ದಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಇಂಥ ಕ್ರಮ ತೀರಾ ಅಪರೂಪ, ಆದರೂ ಸಭಾಪಾಲಕರಲ್ಲಿ ಅಳುಕಿತ್ತು. ತಿದ್ದುಪಡಿಯನ್ನೇ ತೆಗೆಯುತ್ತೇನೆ ಎಂದು ಟ್ರಂಪ್ ಹೇಳಿದ್ದು ಆ ಅಳುಕಿಗೆ ಕೊಟ್ಟ ಉತ್ತರ.

ಪ್ರಶ್ನೆ: ಅವರೊಳಗೆ ವಿರೋಧಿಸಿದವರೇ ಇರಲಿಲ್ಲವೇ? ಪರ್ಷಿಯದ ಅರಸ ಕೋರೆಷನಿಗೆ ಟ್ರಂಪ್ ಅವರನ್ನು ಹೋಲಿಸಿದ್ದು ಸರಿಯೇ?
— ಸಭೆಯ ಹಿರಿಯರು, ಮಂಗಳೂರು

ಉತ್ತರ: ಇದ್ದರು, ಗಟ್ಟಿಯಾಗಿಯೇ ಇದ್ದರು. ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ ನೈತಿಕತೆ ಮತ್ತು ಧಾರ್ಮಿಕ ಸ್ವಾತಂತ್ರ್ಯ ಆಯೋಗದ ಆಗಿನ ಮುಖ್ಯಸ್ಥ ರಸೆಲ್ ಮೂರ್ 2015ರಿಂದಲೇ ಎಚ್ಚರಿಸುತ್ತಿದ್ದರು. ಅದರ ಬೆಲೆ ಆಮೇಲೆ ತೆರಬೇಕಾಯಿತು: 2017ರ ಫೆಬ್ರುವರಿಯಲ್ಲಿ ಟೆಕ್ಸಸ್‌ನ ಒಂದು ಬೃಹತ್ ಚರ್ಚು ಪಂಗಡದ ಸಾಮಾನ್ಯ ನಿಧಿಗೆ ಕೊಡುತ್ತಿದ್ದ 10 ಲಕ್ಷ ಡಾಲರ್ ತಡೆಹಿಡಿಯಿತು. ದೇವಶಾಸ್ತ್ರ ಪಂಡಿತ ವೇಯ್ನ್ ಗ್ರುಡೆಮ್ ಜುಲೈನಲ್ಲಿ, ಟ್ರಂಪ್‌ಗೆ ಓಟು ಹಾಕುವುದು ನೈತಿಕವಾಗಿ ಒಳ್ಳೆಯ ಆಯ್ಕೆ ಎಂದು ಬರೆದರು. ಅಕ್ಟೋಬರ್ 7ರಂದು ಮಹಿಳೆಯರ ಬಗ್ಗೆ ಟ್ರಂಪ್ ಆಡಿದ್ದ 2005ರ ಮಾತುಗಳ ಧ್ವನಿಮುದ್ರಣ ಹೊರಬಿದ್ದಾಗ ಆ ಬೆಂಬಲವನ್ನು ಹಿಂತೆಗೆದುಕೊಂಡರು. ಅದೇ ತಿಂಗಳು ಮುಗಿಯುವುದರೊಳಗೆ, ನೀತಿಗಳ ಕಾರಣಕ್ಕಾಗಿ ಓಟು ಅವರಿಗೇ ಎಂದು ಮತ್ತೆ ಬರೆದರು. ಆ ಮೂರು ತಿಂಗಳ ಹೊಯ್ದಾಟದಲ್ಲಿ ಲಕ್ಷಾಂತರ ಮತದಾರರ ಮನಸ್ಸು ಕಾಣುತ್ತದೆ.

ಇನ್ನು ಕೋರೆಷ. ಯೆಶಾಯನ ಪ್ರವಾದನೆಯ 45ನೇ ಅಧ್ಯಾಯದಲ್ಲಿ, ಇಸ್ರೇಲಿನ ದೇವರನ್ನು ಅರಿಯದ ಅರಸನೊಬ್ಬನನ್ನು ದೇವರು ತನ್ನ ಜನರ ಬಿಡುಗಡೆಗೆ ಬಳಸುತ್ತಾನೆ. ಹೋಲಿಕೆ ಮೊದಲ ಕೇಳಿಗೆ ಒಪ್ಪುವಂತೆ ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ನಿಲ್ಲುವುದಿಲ್ಲ. ಕೋರೆಷನನ್ನು ಯೆಹೂದ್ಯರು ಓಟು ಹಾಕಿ ಆರಿಸಲಿಲ್ಲ. ಅವನ ನಡತೆಗೆ ಅವರು ಜವಾಬು ಕೊಡಬೇಕಾಗಿರಲಿಲ್ಲ. ಆರಿಸುವವರಿಗೆ ಆ ಹೊಣೆ ಇದೆ. ನ್ಯಾಯಾಧೀಶರಿಗಾಗಿ ಓಟು ಹಾಕಿದ್ದೇವೆ, ಟ್ರಂಪ್ ಅವರ ಬಾಳ್ವೆಯನ್ನು ಒಪ್ಪುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರ ನಿಲುವು ನಮಗೆ ಅರ್ಥವಾಗುತ್ತದೆ, ಅದರಲ್ಲಿ ಪ್ರಾಮಾಣಿಕತೆ ಇದೆ. ಅಳತೆಗೋಲನ್ನೇ ಬದಲಿಸಿಕೊಂಡದ್ದು ಬೇರೆ ಮಾತು. ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಲೈಂಗಿಕ ಹಗರಣದ ವರ್ಷ 1998ರಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಜನನಾಯಕರ ನಡತೆ ಮುಖ್ಯ ಎಂದು ನಿರ್ಣಯ ಮಾಡಿದ್ದರು. ಖಾಸಗಿಯಾಗಿ ಅನೈತಿಕವಾಗಿ ನಡೆದವರೂ ಹುದ್ದೆಯಲ್ಲಿ ನೇರವಾಗಿ ನಡೆದುಕೊಳ್ಳಬಲ್ಲರು ಎಂದು 2011ರಲ್ಲಿ ಒಪ್ಪಿದ ಬಿಳಿಯ ಇವ್ಯಾಂಜೆಲಿಕಲ್‌ಗಳು ಶೇ 30. 2016ರಲ್ಲಿ ಶೇ 72. ಐದೇ ವರ್ಷದಲ್ಲಿ ಶಾಸ್ತ್ರ ಬದಲಾಗಿರಲಿಲ್ಲ, ಅಭ್ಯರ್ಥಿ ಬದಲಾಗಿದ್ದರು. ಇದು ನಮ್ಮನ್ನು ನಿಜಕ್ಕೂ ನೋಯಿಸುವ ಅಂಕಿ.

ಪ್ರಶ್ನೆ: ಇಬ್ಬರೂ ಬೇಡ ಎಂದವರಿಗೆ ಮೂರನೇ ದಾರಿ ಇರಲಿಲ್ಲವೇ?
— ಓದುಗರು, ಮೈಸೂರು

ಉತ್ತರ: ಇತ್ತು, ತಡವಾಗಿ ತೆರೆಯಿತು. ಸಿಐಎ ಮಾಜಿ ಅಧಿಕಾರಿ, ಮಾರ್ಮನ್ ಪಂಥದ (ಅಮೆರಿಕದಲ್ಲೇ ಹುಟ್ಟಿದ ಧಾರ್ಮಿಕ ಪಂಥ) ಇವಾನ್ ಮೆಕ್‌ಮಲಿನ್ ಪಕ್ಷೇತರರಾಗಿ ನಿಂತದ್ದು ಆಗಸ್ಟ್ 8ಕ್ಕೆ. ಅಲ್ಲಿ ರಾಜ್ಯಕ್ಕೊಂದು ಚುನಾವಣಾ ನಿಯಮ; ಸಹಿ ಸಂಗ್ರಹಿಸಿ ಅರ್ಜಿ ಹಾಕುವ ಗಡುವು ಹಲವು ಕಡೆ ಅಷ್ಟರಲ್ಲಿ ಮುಗಿದಿತ್ತು. 11 ರಾಜ್ಯಗಳ ಮತಪತ್ರದಲ್ಲಿ ಮಾತ್ರ ಅವರ ಹೆಸರು ಅಚ್ಚಾಯಿತು. ಮಾರ್ಮನ್ನರ ರಾಜ್ಯ ಯೂಟಾದಲ್ಲಿ 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಸುಮಾರು ಶೇ 73 ಪಡೆದಿದ್ದರು. 2016ರಲ್ಲಿ ಅಲ್ಲಿ ಟ್ರಂಪ್‌ಗೆ ಶೇ 45.5, ಹಿಲರಿಗೆ 27.5, ಮೆಕ್‌ಮಲಿನ್‌ಗೆ 21.5. ಅಧ್ಯಕ್ಷರನ್ನು ಆರಿಸುವಲ್ಲಿ ರಾಜ್ಯದ ಪಾಲಿಗಿದ್ದ 6 ಎಲೆಕ್ಟೋರಲ್ ಮತಗಳೂ ಟ್ರಂಪ್‌ಗೇ ಹೋದವು.