ಗಿಡದೊಳಗೆ ಹೋದ ವಿಷ ಎಲ್ಲಿರುತ್ತದೆ?

ಕೊಡಗಿನ ಸಿದ್ದಾಪುರದ ಓದುಗರೊಬ್ಬರು ಬರೆದಿದ್ದಾರೆ: "ಕಾಫಿ ತೋಟಕ್ಕೆ ಕಳೆನಾಶಕ ಹೊಡೆಸಿದರೆ ಕೆಲವು ಗಿಡ ಬಾಡಿ ಮತ್ತೆ ಚಿಗುರುತ್ತವೆ. ಗಿಡಕ್ಕೆ ಲಿವರ್ ಇಲ್ಲ, ಕಿಡ್ನಿ ಇಲ್ಲ. ಹಾಗಾದರೆ ವಿಷ ಏನಾಯಿತು? ಆ ಸೊಪ್ಪು ಕೊಯ್ದು ಪಲ್ಯ ಮಾಡಬಹುದಾ?"

ಪಲ್ಯ ಬೇಡ. ಯಾಕೆ ಅಂತ ಹೇಳುತ್ತೇನೆ.

ನಮ್ಮ ದೇಹ ಬೇಡದ್ದನ್ನು ಮೂತ್ರದಲ್ಲಿ, ಪಿತ್ತದಲ್ಲಿ ಹೊರಗೆ ಹಾಕುತ್ತದೆ. ಗಿಡಕ್ಕೆ ಅಂಥ ದಾರಿ ಇಲ್ಲ, ಬಹುಪಾಲು ಒಳಗೇ ಬಚ್ಚಿಡುತ್ತದೆ. ಬಲಿತ ಜೀವಕೋಶದಲ್ಲಿ ಜಾಸ್ತಿ ಜಾಗ ಹಿಡಿಯುವುದು ವ್ಯಾಕ್ಯುಯೋಲ್ ಎಂಬ ರಸ ತುಂಬಿದ ಚೀಲ, ಶಾಲೆಯಲ್ಲಿ ಓದಿದ ರಸದಾನಿ. ಕೆಲವು ಕೋಶಗಳಲ್ಲಿ ಅದು 90% ವರೆಗೂ ಇರುತ್ತದೆ. ಕಾಫಿ ಗಿಡ ತಾನೇ ಮಾಡಿದ ಕೆಫೀನನ್ನೂ ಅಲ್ಲೇ ಇಡುತ್ತದೆ, ಕ್ಲೋರೋಜೆನಿಕ್ ಆಮ್ಲದ ಜೊತೆ ಕಟ್ಟಿ.

ಹೊರಗಿನ ರಾಸಾಯನಿಕ ಬಂದಾಗ ಪಿ450 ಗುಂಪಿನ ಕಿಣ್ವಗಳು ಮೊದಲು ಅದರ ಅಣುವನ್ನು ಸ್ವಲ್ಪ ಬದಲಿಸುತ್ತವೆ. ಆಮೇಲೆ ಬೇರೆ ಕಿಣ್ವಗಳು ಅದಕ್ಕೆ ಗ್ಲುಟಾಥಯೋನ್ (ಗಿಡದಲ್ಲೇ ಇರುವ ಒಂದು ಸಣ್ಣ ಅಣು) ಅಥವಾ ಸಕ್ಕರೆಯನ್ನು ಅಂಟಿಸುತ್ತವೆ. ಪಾರ್ಸೆಲ್‌ಗೆ ಚೀಟಿ ಅಂಟಿಸಿದ ಹಾಗೆ. ರಸದಾನಿಯ ಪೊರೆಯಲ್ಲಿರುವ ಪಂಪು ಆ ಚೀಟಿ ಗುರುತಿಸಿ, ಕೋಶದ ಇಂಧನವಾದ ಎಟಿಪಿಯ ಶಕ್ತಿಯಿಂದ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾರ್ಲಿ ಗಿಡದಲ್ಲಿ ಈ ಪಂಪನ್ನು 1993ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಟ್ರಜಿನ್ ಎಂಬ ಕಳೆನಾಶಕ ಹೊಡೆದ ಹೊಲದಲ್ಲಿ ಕಳೆ ಸತ್ತು ಮೆಕ್ಕೆಜೋಳ ಉಳಿಯುವುದೂ ಇದರಿಂದಲೇ. ಮೆಕ್ಕೆಜೋಳ ಬೇಗ ಗ್ಲುಟಾಥಯೋನ್ ಅಂಟಿಸುತ್ತದೆ. ಅಂಟಿದ ಮೇಲೆ ಅಟ್ರಜಿನ್‌ಗೆ ಗಿಡವನ್ನು ಕೊಲ್ಲುವ ಶಕ್ತಿ ಇರುವುದಿಲ್ಲ.

ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕದ ಕಥೆ ಬೇರೆ, ನಮಗೆ ಮುಖ್ಯವಾದದ್ದೂ ಅದೇ. ಅಮೆರಿಕದ ಹೊಲಗಳಲ್ಲಿ ಗ್ಲೈಫೋಸೇಟ್‌ಗೆ ಬಗ್ಗದ ಕೊನೈಜಾ ಎಂಬ ಕಳೆಯಿದೆ. ಅದು ಈ ವಿಷವನ್ನು ಒಡೆಯುವುದಿಲ್ಲ, ಇದ್ದ ಹಾಗೇ ರಸದಾನಿಗೆ ಸಾಗಿಸಿ ಬದುಕುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚಳಿಯಲ್ಲಿ ಸಾಗಾಟ ಕುಂಠಿತವಾಗುತ್ತದೆ, ಆಗ ಅದೇ ಕಳೆ ಸಾಯುತ್ತದೆ. ನಿಮ್ಮ ತೋಟದ ಕಳೆ ಚಿಗುರಿದ್ದಕ್ಕೆ ಮಳೆಗೆ ಔಷಧಿ ತೊಳೆದು ಹೋದದ್ದೋ, ಬೇರು ಉಳಿದದ್ದೋ ಕಾರಣವಿರಬಹುದು. ಆದರೆ ಹಸಿರಾಗಿದೆ ಎಂದರೆ ವಿಷ ಹೋಗಿದೆ ಅಂತ ಅಲ್ಲ. ಎಲೆಯ ಮೇಲಿನದು ತೊಳೆದರೆ ಅಷ್ಟಿಷ್ಟು ಹೋದೀತು. ಒಳಗಿನದು ತೊಳೆದರೆ ಹೋಗದು, ಬೇಯಿಸಿದರೂ ಗ್ಲೈಫೋಸೇಟ್ ಒಡೆಯದು.

ಕಕ್ಕಡದಲ್ಲಿ, ಅಂದರೆ ಕೊಡವರ ಮಳೆಗಾಲದ ತಿಂಗಳಲ್ಲಿ, ನಮ್ಮ ಕಡೆ ತೋಡಿನ ಬದಿಯಿಂದ ತೆರ್ಮೆ (ತಿನ್ನುವ ಜರಿಗಿಡದ ಚಿಗುರು), ಕೆಸ ತರುತ್ತಾರೆ, ಆ ತಿಂಗಳ ಹದಿನೆಂಟಕ್ಕೆ ಅಡುಗೆಗೆ ಮದ್ದುಸೊಪ್ಪು ಬೇಕೇ ಬೇಕು. ದಯವಿಟ್ಟು ಆ ಜಾಗಗಳಿಗೆ ಕಳೆನಾಶಕ ಹೊಡೆಸಬೇಡಿ, ಕತ್ತಿಯಲ್ಲೇ ಕಳೆ ಸವರಿಸಿ. ಹೊಡೆಸಿದ್ದರೆ ಸೊಪ್ಪು ಕೊಯ್ಯಲು ಬರುವ ಪಕ್ಕದ ಮನೆಯವರಿಗೂ, ಲೈನ್ ಮನೆಯ ತೋಟದ ಕಾರ್ಮಿಕರಿಗೂ ಮೊದಲೇ ತಿಳಿಸಿ.