ಸ್ಪೀಕರ್ ಹಿಂದಿನ ಹಠಮಾರಿ ಬಿರಡೆ: ಪೋಸ್ಟ್ ಕೆಡದಂತೆ ಹೊರಗೆ ತೆಗೆಯುವುದು

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಹೊಸ ಸ್ಪೀಕರ್ ಜೋಡಿ, ಅದಕ್ಕೆ ಬನಾನಾ ಪ್ಲಗ್ (ಸ್ಪೀಕರ್ ವೈರಿನ ತುದಿಗೆ ಹಾಕುವ ಲೋಹದ ಪಿನ್) ತಂದಿದ್ದೀರಿ. ಆದರೆ ಬೈಂಡಿಂಗ್ ಪೋಸ್ಟ್‌ಗಳ, ಅಂದರೆ ಸ್ಪೀಕರ್ ಹಿಂದೆ ವೈರು ಸಿಕ್ಕಿಸುವ ಗೂಟಗಳ, ತೂತಿಗೆ ಕೆಂಪು, ಕಪ್ಪು ಪ್ಲಾಸ್ಟಿಕ್ ಬಿರಡೆ ಬಡಿದಿದ್ದಾರೆ. ನಾಲ್ಕರಲ್ಲಿ ಎರಡು ಉಗುರಿಗೇ ಬಂದವು. ಒಂದು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಇನ್ನೊಂದರ ತಲೆ ಕಿತ್ತು ಬಂದು, ಉಳಿದ ಭಾಗ ಒಳಗೇ ಕೂತಿದೆ. ಪ್ರಶ್ನೆಯ ಕೆಳಗೆ ಒಬ್ಬರು ಡ್ರಿಲ್ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಸೂಜಿ ಕಾಯಿಸಿ ಚುಚ್ಚಿ ಅಂದಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಸಮಾಧಾನದ ಮಾತು. ಬಿರಡೆ ಬರದಿದ್ದರೂ ಇವತ್ತು ರಾತ್ರಿ ಹಾಡು ಕೇಳಬಹುದು. ಪೋಸ್ಟಿನ ಮೇಲಿನ ತಿರುಗಿಸುವ ನಾಬ್ ಸಡಿಲಿಸಿದರೆ ಒಳಗಿನ ಲೋಹದ ಕಡ್ಡಿಯಲ್ಲಿ ಒಂದು ಅಡ್ಡ ತೂತು ಕಾಣುತ್ತದೆ. ವೈರಿನ ತುದಿ ಸುಲಿದು, ಎಳೆಗಳನ್ನು ಹುರಿ ಮಾಡಿ ಅದರಲ್ಲಿ ತೂರಿಸಿ, ನಾಬ್ ಬಿಗಿ ಮಾಡಿದರೆ ಆಯಿತು. ಶಬ್ದದಲ್ಲಿ ಏನೂ ಕಡಿಮೆ ಆಗುವುದಿಲ್ಲ. ಒಂದು ಎಳೆಯೂ ಪಕ್ಕದ ಪೋಸ್ಟಿಗೆ ತಾಗದ ಹಾಗೆ ನೋಡಿಕೊಂಡರೆ ಸಾಕು. ಹಾಗಾಗಿ ಅವಸರ ಬೇಡ. ಈ ಕೆಲಸ ಕೆಡುವುದೇ ಅವಸರದಿಂದ.

ಈ ಬಿರಡೆ ಯಾಕಿದೆ ಅಂತಲೂ ಕೇಳಿದ್ದೀರಿ. ಇದು ಧೂಳು ತಡೆಯುವುದಕ್ಕೆ ಹಾಕಿದ್ದಲ್ಲ. ಬನಾನಾ ಪ್ಲಗ್ ದಪ್ಪ 4 ಮಿಲಿಮೀಟರ್. ಯುರೋಪಿನಲ್ಲಿ ಬಳಸುವ ಎರಡು ಕಡ್ಡಿಯ ಚಿಕ್ಕ ಕರೆಂಟ್ ಪ್ಲಗ್ಗಿನ ಕಡ್ಡಿಯೂ 4 ಮಿಲಿಮೀಟರ್. ಅಂದರೆ ಬನಾನಾ ಪ್ಲಗ್ ಅಲ್ಲಿನ ಗೋಡೆಯ ಸಾಕೆಟ್ಟಿಗೆ ಸಲೀಸಾಗಿ ಹೋಗುತ್ತದೆ. ಎರಡು ಪ್ಲಗ್ ಅಂಟಿಕೊಂಡಿರುವ ಜೋಡಿ ಬನಾನಾದ ನಡುವಿನ ಅಂತರ 19 ಮಿಲಿಮೀಟರ್, ಸಾಕೆಟ್ಟಿನ ತೂತುಗಳ ಅಂತರವೂ ಹೆಚ್ಚುಕಮ್ಮಿ ಅಷ್ಟೇ. ಒಂದು ಮಗು ಸ್ಪೀಕರ್ ವೈರನ್ನು ಗೋಡೆಗೆ ಸಿಕ್ಕಿಸಿದರೆ 230 ವೋಲ್ಟ್ ನೇರವಾಗಿ ವೈರಿಗೆ ಬರುತ್ತದೆ. ಅದಕ್ಕೇ ಅಲ್ಲಿ ಮಾರುವ ಸ್ಪೀಕರ್, ಆಂಪ್ಲಿಫೈಯರ್‌ಗಳ ಈ ತೂತುಗಳನ್ನು ಮುಚ್ಚಿ ಕಳಿಸುತ್ತಾರೆ. ಅದೇ ಮಾಲು ಬೇರೆ ಕಡೆಗೂ ಬರುತ್ತದೆ. ನಿಮ್ಮ ಮನೆಯ ಸಾಕೆಟ್ಟಿಗೆ ಬನಾನಾ ಪ್ಲಗ್ ಹೋಗುತ್ತದೆ ಅಂತಾದರೆ, ಚಿಕ್ಕ ಮಕ್ಕಳೂ ಇದ್ದರೆ, ಬಿರಡೆ ಇರಲಿ ಬಿಡಿ. ಬರೀ ವೈರೇ ಸಾಕು. ಇದನ್ನು ನಾನು ಸುಮ್ನೆ ಮಾತಿಗೆ ಹೇಳುತ್ತಿಲ್ಲ.

ತೆಗೆಯುವುದೇ ಸರಿ ಅನಿಸಿದರೆ, ಆಂಪ್ಲಿಫೈಯರ್ ಆಫ್ ಮಾಡಿ, ಸ್ಪೀಕರ್ ವೈರನ್ನು ಪೂರ್ತಿ ಬಿಚ್ಚಿ. ಸ್ಪೀಕರನ್ನು ದಪ್ಪ ಬಟ್ಟೆಯ ಮೇಲೆ ಪಕ್ಕಕ್ಕೆ ಮಲಗಿಸಿ. ಮುಖ ಕೆಳಗೆ ಮಾಡಿ ಮಲಗಿಸಬೇಡಿ. ಟ್ವೀಟರಿನ (ಕೀಚು ದನಿ ಹೊರಡಿಸುವ ಚಿಕ್ಕ ಭಾಗ) ಗುಮ್ಮಟ ಒತ್ತಿ ತಗ್ಗು ಬೀಳುತ್ತದೆ. ಪೋಸ್ಟುಗಳು ಆಕಾಶ ನೋಡುವ ಹಾಗಿದ್ದರೆ ಪ್ಲಾಸ್ಟಿಕ್ಕಿನ ಪುಡಿ ತೂತಿನೊಳಗೇ ಬೀಳುತ್ತದೆ. ಪಕ್ಕಕ್ಕೆ ಮಲಗಿಸಿದರೆ ಪುಡಿ ಹೊರಗೆ ಉದುರುತ್ತದೆ.

ಮಲ್ಟಿಮೀಟರ್ ಇದ್ದರೆ ಈಗಲೇ ಒಂದು ಅಳತೆ ತೆಗೆದುಕೊಳ್ಳಿ. ಓಮ್‌ಗೆ (ರೋಧ ಅಳೆಯುವ ಗುರುತಿಗೆ) ಇಟ್ಟು ಕೆಂಪು, ಕಪ್ಪು ಪೋಸ್ಟುಗಳಿಗೆ ಮುಟ್ಟಿಸಿ. 8 ಓಮ್ ಸ್ಪೀಕರ್ ಆದರೆ ಸಾಮಾನ್ಯವಾಗಿ 6ರ ಆಸುಪಾಸು ತೋರಿಸುತ್ತದೆ, 4 ಓಮಿನದಾದರೆ 3ರಿಂದ 3.5ರ ಹತ್ತಿರ. ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ಸಂಖ್ಯೆ ಬರಬೇಕು.

ಈಗ ಕದಲದೆ ಕೂತಿರುವ ಬಿರಡೆಗೆ ಬರೋಣ. ಎಲ್ಲರೂ ಮಾಡುವ ತಪ್ಪು ಏನೆಂದರೆ, ನಾಬ್ ಪೂರ್ತಿ ಬಿಗಿಯಾಗಿರುವಾಗಲೇ ಬಿರಡೆಯ ಅಂಚಿಗೆ ಚಾಕು ಹಾಕಿ ಮೀಟುವುದು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಮೊದಲು ನಾಬನ್ನು ಎಡಕ್ಕೆ ತಿರುಗಿಸಿ ನಿಧಾನಕ್ಕೆ ಸಡಿಲಿಸುತ್ತಾ ಹೋಗಿ, ಬಿರಡೆಯ ಮೇಲೆ ಕಣ್ಣಿಡಿ. ಬಿರಡೆಗೆ ಅಗಲ ತಲೆ ಇದ್ದು, ಅದರ ಕಾಲು ಒಳಗಿನ ಲೋಹದ ಕಡ್ಡಿಯ ಟೊಳ್ಳಿನಲ್ಲಿ ಕೂತಿದ್ದರೆ, ನಾಬ್ ಮೇಲೆ ಬರುತ್ತಾ ಬಿರಡೆಯ ತಲೆಯನ್ನು ತಾನೇ ಹೊರಕ್ಕೆ ನೂಕುತ್ತದೆ. ನಾಬೇ ಒಂದು ಜಾಕ್ ಇದ್ದ ಹಾಗೆ. ಎರಡು ಮೂರು ಸುತ್ತಿಗೆ ಬಿರಡೆ ಅರ್ಧ ಹೊರಗೆ ಬಂದಿರುತ್ತದೆ, ಆಮೇಲೆ ಬೆರಳಲ್ಲೇ ಬರುತ್ತದೆ.

ನಾಬ್ ಪೂರ್ತಿ ಕಳಚಿ ಕೈಗೆ ಬಂದು, ಬಿರಡೆಯೂ ಅದರಲ್ಲೇ ಕೂತಿದ್ದರೆ ಇನ್ನೂ ಸುಲಭ. ನಾಬನ್ನು ತಿರುಗಿಸಿ ಹಿಡಿದು, ಹಿಂದಿನಿಂದ ಅಲೆನ್ ಕೀ ಅಥವಾ ಸಣ್ಣ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಟಪ್ ಅಂತ ಹಾರುತ್ತದೆ. ಒಂದು ಎಚ್ಚರ. ಕೆಲವು ಪೋಸ್ಟುಗಳಲ್ಲಿ ನಾಬ್ ಕಳಚದ ಹಾಗೆ ತುದಿಯಲ್ಲಿ ತಡೆ ಇಟ್ಟಿರುತ್ತಾರೆ. ತಿರುಗಿಸುತ್ತಾ ಗಟ್ಟಿ ಅನಿಸಿತೋ, ಅಲ್ಲಿಗೇ ನಿಲ್ಲಿಸಿ. ಒತ್ತಾಯ ಮಾಡಿದರೆ ತಡೆಯೂ ಹೋಗುತ್ತದೆ, ಮರೆಯೂ (ತಿರುಪಿನ ಸುರುಳಿ ಗೆರೆ) ಸವೆಯುತ್ತದೆ.

ಇಷ್ಟಕ್ಕೂ ಬರದಿದ್ದರೆ ಸ್ಕ್ರೂ ಬೇಕು. ನಿಮ್ಮ ಮುರಿದ ಬಿರಡೆಗೂ ಇದೇ ದಾರಿ. ಬಾಟಲಿಯ ಬಿರಡೆ ತೆಗೆಯುವ ಲೆಕ್ಕವೇ. ಆದರೆ ಇಲ್ಲಿ ಸ್ಕ್ರೂ ಆರಿಸುವುದರಲ್ಲೇ ಅರ್ಧ ಕೆಲಸ ಇದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮರಕ್ಕೆ ಹಾಕುವ, ಚೂಪು ತುದಿಯ, ತೆಳ್ಳನೆ ಸ್ಕ್ರೂ ಬೇಕು. ದಪ್ಪ 2 ಮಿಲಿಮೀಟರ್ ಹತ್ತಿರ ಇರಲಿ. ದಪ್ಪ ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ ಅಂತ ಅನಿಸುತ್ತದೆ, ಆದರೆ ನಡೆಯುವುದು ಉಲ್ಟಾ. ಬಿರಡೆ ಕೂತಿರುವುದು 4 ಮಿಲಿಮೀಟರ್ ತೂತಿನಲ್ಲಿ. ಅದರ ನಡುವೆ 3 ಮಿಲಿಮೀಟರ್ ಸ್ಕ್ರೂ ತೂರಿಸಿದರೆ ಪ್ಲಾಸ್ಟಿಕ್ ಹೊರಕ್ಕೆ ಉಬ್ಬಿ ಲೋಹದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಗೋಡೆಗೆ ಸ್ಕ್ರೂ ಹಾಕುವ ಮೊದಲು ತೂತಿನಲ್ಲಿ ಕೂರಿಸುವ ಪ್ಲಾಸ್ಟಿಕ್ ರಾಲ್ ಪ್ಲಗ್ ಇದೇ ರೀತಿ ಹಿಡಿಯುವುದು, ಅಲ್ವಾ? ನಾವು ಬಿರಡೆಯನ್ನು ಹಾಗೆ ಮಾಡಬಾರದು. ಒಂದು ಸ್ಕ್ರೂ ಹಾಕಿ ಬರಲಿಲ್ಲ ಅಂತ ಇನ್ನೂ ದಪ್ಪದ್ದು ಹಾಕಿದವರ ಬಿರಡೆ ಮೊದಲಿಗಿಂತ ಜಾಸ್ತಿ ಬಿಗಿಯಾಗಿರುತ್ತದೆ.

ಬಿರಡೆಯ ನಟ್ಟನಡುವೆ ಬೋರ್ಡ್ ಪಿನ್ನಿನಿಂದ ಒಂದು ಗುರುತು ಚುಚ್ಚಿ. ಇಲ್ಲದಿದ್ದರೆ ಸ್ಕ್ರೂ ಜಾರಿ ಅಂಚಿಗೆ ಹೋಗುತ್ತದೆ. ಆ ಗುರುತಿನಲ್ಲಿ ಸ್ಕ್ರೂ ಇಟ್ಟು ಕೈಯಿಂದಲೇ ತಿರುಗಿಸಿ. ಬ್ಯಾಟರಿ ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ. ಮೂರು ನಾಲ್ಕು ಸುತ್ತು ಸಾಕು. ಆಳಕ್ಕೆ ಹೋದಷ್ಟೂ ಬಿರಡೆ ಇನ್ನೂ ಒಳಗೆ ಹೋಗುತ್ತದೆ. ಮರೆ ಕಚ್ಚಿದ್ದು ಕೈಗೇ ಗೊತ್ತಾಗುತ್ತದೆ. ಸ್ಕ್ರೂಡ್ರೈವರ್ ಸ್ವಲ್ಪ ಭಾರ ಅನಿಸುತ್ತದೆ, ಪ್ಲಾಸ್ಟಿಕ್ ಬಿಳಿಚಿಕೊಂಡು ಸ್ಕ್ರೂ ಸುತ್ತ ಸಣ್ಣ ಉಂಗುರದ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ.

ಈಗ ಎಡಗೈಯಲ್ಲಿ ನಾಬ್ ಮತ್ತು ಪೋಸ್ಟನ್ನು ಗಟ್ಟಿಯಾಗಿ ಹಿಡಿಯಿರಿ. ಬಲಗೈಯಲ್ಲಿ ಕಟಿಂಗ್ ಪ್ಲೇಯರಿನಿಂದ ಸ್ಕ್ರೂವಿನ ತಲೆ ಹಿಡಿದು ನೇರಕ್ಕೆ ಎಳೆಯಿರಿ. ಎಳೆಯುತ್ತಲೇ ಆ ಕಡೆ ಈ ಕಡೆ ಕೂದಲೆಳೆಯಷ್ಟು ತಿರುಗಿಸಿ, ಹಿಡಿತ ಬಿಡುತ್ತದೆ. ಮೇಲಕ್ಕೋ ಪಕ್ಕಕ್ಕೋ ಬಗ್ಗಿಸಿ ಮೀಟಬೇಡಿ. ಪ್ಲೇಯರನ್ನು ಪೆಟ್ಟಿಗೆಗೆ ಊರಿ ಸನ್ನೆ ಹಾಕಲೂ ಬೇಡಿ. ಪೋಸ್ಟು ನಿಂತಿರುವುದು ತೆಳ್ಳನೆ ಪ್ಲಾಸ್ಟಿಕ್ ತಟ್ಟೆಯ ಮೇಲೆ, ಅದು ಬಿರುಕು ಬಿಟ್ಟರೆ ಪೆಟ್ಟಿಗೆಯಿಂದ ಗಾಳಿ ಸೋರಿ ಬಾಸ್ ಹಾಳಾಗುತ್ತದೆ.

ಎಡಗೈ ಹಿಡಿತದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಜೋಡಿಯಲ್ಲಿ ನಾನು ಪೋಸ್ಟ್ ಹಿಡಿಯದೆ ಬರೀ ಬಿರಡೆಯನ್ನು ತಿರುಚಿ ತಿರುಚಿ ಎಳೆದೆ. ಬಿರಡೆ ತಿರುಗುತ್ತಿದೆ ಅಂದುಕೊಂಡೆ. ತಿರುಗುತ್ತಿದ್ದದ್ದು ಇಡೀ ಪೋಸ್ಟು. ಒಳಗೆ ಅದರ ನಟ್ ಸಡಿಲವಾಗಿತ್ತು. ಬಿರಡೆ ಬಂತು, ಆದರೆ ಆ ಸ್ಪೀಕರಿನಿಂದ ಶಬ್ದ ಬರಲಿಲ್ಲ. ವೂಫರಿನ (ಬಾಸ್ ಹೊರಡಿಸುವ ದೊಡ್ಡ ಭಾಗ) ಸ್ಕ್ರೂಗಳನ್ನು ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರೆ, ಕೆಂಪು ವೈರು ಪೋಸ್ಟಿನ ಹಿಂದೆ ಹುರಿಯಾಗಿ ಸುತ್ತಿಕೊಂಡು, ಬೆಸುಗೆ ಬಿಟ್ಟು ನೇತಾಡುತ್ತಿತ್ತು. ಮತ್ತೆ ಬೆಸುಗೆ ಹಾಕಿ, ನಟ್ ಬಿಗಿ ಮಾಡಿ ಮುಚ್ಚುವಷ್ಟರಲ್ಲಿ ಒಂದು ಸಂಜೆ ಹೋಯಿತು. ಆವತ್ತಿನಿಂದ ಎಡಗೈಯ ಹೆಬ್ಬೆರಳು ಪೋಸ್ಟಿನ ಬುಡದಿಂದ ಕದಲುವುದಿಲ್ಲ. ನೀವು ಎಳೆಯುವಾಗಲೂ ಬುಡ ತಿರುಗುತ್ತಿದೆಯಾ ಅಂತ ನೋಡುತ್ತಿರಿ. ತಿರುಗಿದರೆ ತಕ್ಷಣ ನಿಲ್ಲಿಸಿ.

ಪ್ಲಾಸ್ಟಿಕ್ ತೀರಾ ಗಟ್ಟಿ ಇದ್ದು ಸ್ಕ್ರೂ ಕಚ್ಚದೇ ಇದ್ದರೆ ಮಾತ್ರ 1.5 ಮಿಲಿಮೀಟರ್ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು, ಬೆರಳಿನಿಂದಲೇ ತಿರುಗಿಸಿ ಒಂದು ಸಣ್ಣ ದಾರಿ ಮಾಡಿಕೊಳ್ಳಿ. ಯಂತ್ರದ ಡ್ರಿಲ್ ಬೇಡ ಅಂದದ್ದು ಇದಕ್ಕೇ: ಅದು ಒಂದು ಕ್ಷಣ ಜಾರಿದರೆ ತೂತಿನ ಒಳಗೋಡೆಯ ಲೇಪನ ಕೆರೆದು ಹೋಗುತ್ತದೆ. ಬನಾನಾ ಪ್ಲಗ್ ತಾಗುವುದೇ ಅಲ್ಲಿ. ಬಿಸಿ ಸೂಜಿಯ ತೊಂದರೆ ಬೇರೆ. ಬಿರಡೆ ಕರಗಿ ಗೋಡೆಗೆ ಅಂಟುತ್ತದೆ, ತಣ್ಣಗಾದ ಮೇಲೆ ಅದನ್ನು ಕೆರೆದೇ ತೆಗೆಯಬೇಕು. ನಾಬೂ ಪ್ಲಾಸ್ಟಿಕ್ಕೇ, ಅದೂ ಕರಗುತ್ತದೆ. ಸೂಪರ್ ಗ್ಲೂ ಹಚ್ಚಿ ಕಡ್ಡಿ ಅಂಟಿಸಿ ಎಳೆಯುವ ಉಪಾಯವೂ ಕೇಳಿದ್ದೇನೆ. ಒಂದು ಹನಿ ಜಾಸ್ತಿಯಾದರೆ ನಾಬು, ಬಿರಡೆ, ಕಡ್ಡಿ ಮೂರೂ ಒಂದಾಗುತ್ತವೆ. ಉಗುರು ಬಣ್ಣ ತೆಗೆಯುವ ಅಸಿಟೋನ್ ಅಂತೂ ಖಂಡಿತ ಬೇಡ, ಎಷ್ಟೋ ಬಗೆಯ ಪ್ಲಾಸ್ಟಿಕ್ಕನ್ನು ಅದು ತಿಂದುಹಾಕುತ್ತದೆ.

ನಿಮ್ಮ ಮುರಿದ ಬಿರಡೆಗೆ ಸ್ಕ್ರೂಗಿಂತ ಮೊದಲು ಇನ್ನೊಂದು ದಾರಿ ಇದೆ. ಮೊದಲಿಗೆ ಹೇಳಿದ ಅಡ್ಡ ತೂತು ನೆನಪಿದೆಯಲ್ಲ, ಬರೀ ವೈರು ತೂರಿಸುವುದು? ನಾಬನ್ನು ಪೂರ್ತಿ ಸಡಿಲಿಸಿ ಆ ತೂತಿಗೆ ಟಾರ್ಚ್ ಬಿಡಿ. ಬಿರಡೆ ಅಷ್ಟು ಉದ್ದ ಇದ್ದರೆ ಅದರ ಕಾಲು ಅಲ್ಲಿ ಬಣ್ಣದಿಂದಲೇ ಕಾಣುತ್ತದೆ. ಒಂದು ದಪ್ಪ ಸೂಜಿ ಅಥವಾ ಸಣ್ಣ ದಬ್ಬಳವನ್ನು ಓರೆಯಾಗಿ ಒಳಗೆ ಬಿಟ್ಟು, ಕಾಲಿಗೆ ಚುಚ್ಚಿ, ಹೊರಮುಖವಾಗಿ ತಳ್ಳಿ. ಒಂದೊಂದು ಸಲಕ್ಕೆ ಅರ್ಧ ಮಿಲಿಮೀಟರ್ ಸರಿದರೂ ಸಾಕು. ಸೂಜಿ ತೆಗೆದು ಸ್ವಲ್ಪ ಕೆಳಗೆ ಚುಚ್ಚಿ ಮತ್ತೆ ತಳ್ಳಿ. ನಾಲ್ಕೈದು ಸಲಕ್ಕೆ ಮುರಿದ ತುದಿ ನಾಬಿನ ಬಾಯಿಯ ಹತ್ತಿರ ಬರುತ್ತದೆ, ಆಮೇಲೆ ಸ್ಕ್ರೂ ಅಥವಾ ಚಿಮಟ ಹಿಡಿಯುತ್ತದೆ. ಮುರಿದ ಬಿರಡೆಗಳಿಗೆ ನಾನು ಮೊದಲು ನೋಡುವುದೇ ಇದನ್ನು. ಎಳೆಯುವುದಕ್ಕಿಂತ ತಳ್ಳುವುದರಲ್ಲಿ ಪೋಸ್ಟಿಗೆ ಪೆಟ್ಟು ಕಡಿಮೆ.

ಒಳಕ್ಕೆ ಮಾತ್ರ ನೂಕಬೇಡಿ. ಹೆಚ್ಚಿನ ಪೋಸ್ಟುಗಳ ಟೊಳ್ಳು ಹಿಂದೆ ಮುಚ್ಚಿರುತ್ತದೆ, ಚೂರು ತಳದಲ್ಲಿ ಕೂತರೆ ಬನಾನಾ ಪ್ಲಗ್ ಪೂರ್ತಿ ಒಳಗೆ ಹೋಗುವುದಿಲ್ಲ. ಹಿಂದೆ ತೆರೆದಿದ್ದರೆ ಚೂರು ಪೆಟ್ಟಿಗೆಯೊಳಗೇ ಬೀಳುತ್ತದೆ, ಆಮೇಲೆ ಬಾಸ್ ಬಂದಾಗಲೆಲ್ಲ ಗರಗರ ಅನ್ನುವ ಸಾಧ್ಯತೆ ಇದೆ.

ಬಿರಡೆ ಬಂದ ಮೇಲೆ ಟೂತ್‌ಪಿಕ್ಕಿನಿಂದ ತೂತಿನ ಒಳಗೋಡೆ ಕೆರೆದು ಪುಡಿ ಉದುರಿಸಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಮ್ಮೆ ಒರೆಸಿದರೆ ಇನ್ನೂ ಒಳ್ಳೆಯದು. ಎಣ್ಣೆ ಸ್ಪ್ರೇ ಹೊಡೆಯಬೇಡಿ, ಧೂಳು ಅಂಟುತ್ತದೆ. ನಾಬನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಬನಾನಾ ಪ್ಲಗ್ ಹಾಕಿ. ನಾಬ್ ಸಡಿಲ ಬಿಟ್ಟು ಹಾಕಿದರೆ ಪ್ಲಗ್ ಲೋಹದೊಳಗೆ ಪೂರ್ತಿ ಇಳಿಯುವುದಿಲ್ಲ, ನಾಬ್ ತಾನೇ ಅದುರಿ ಸದ್ದು ಮಾಡುತ್ತದೆ.

ವೈರ್ ಹಾಕುವ ಮೊದಲು ಮಲ್ಟಿಮೀಟರ್ ಮತ್ತೆ ಹಿಡಿಯಿರಿ. ಬರೆದಿಟ್ಟ ಸಂಖ್ಯೆಯೇ ಬಂದರೆ ಸರಿ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಆಂಪ್ಲಿಫೈಯರ್ ಹಾಕಲೇಬೇಡಿ. ಏನೂ ತೋರಿಸದಿದ್ದರೆ ಒಳಗಿನ ವೈರು ಬಿಟ್ಟಿದೆ. ಒಂದೇ ಸ್ಪೀಕರಿನಲ್ಲಿ ನಾಲ್ಕು ಪೋಸ್ಟ್ ಇರುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು: ಮೇಲಿನ ಮತ್ತು ಕೆಳಗಿನ ಜೋಡಿಯನ್ನು ಸೇರಿಸುವ ಲೋಹದ ಪಟ್ಟಿ ಕಳಚಿದ್ದಾಗ ಟ್ವೀಟರ್ ಜೋಡಿಗೆ ಮೀಟರ್ ಹಿಡಿದರೆ ಏನೂ ತೋರಿಸದೇ ಇರಬಹುದು. ಅಲ್ಲಿ ಮೀಟರಿನ ಕರೆಂಟನ್ನು ತಡೆಯುವ ಕೆಪಾಸಿಟರ್ ಅಡ್ಡ ಇರುತ್ತದೆ, ಗಾಬರಿಯಾಗಬೇಡಿ. ನಾಬ್ ಬಿಚ್ಚಿದಾಗ ಆ ಪಟ್ಟಿಯೂ ಬಿದ್ದಿರುತ್ತದೆ, ಮರೆಯದೆ ವಾಪಸ್ ಹಾಕಿ. ಇಲ್ಲದಿದ್ದರೆ ಅರ್ಧ ಸ್ಪೀಕರ್ ಮಾತ್ರ ಹಾಡುತ್ತದೆ.

ತೆಗೆದ ಬಿರಡೆಗಳಲ್ಲಿ ಚೆನ್ನಾಗಿರುವ ಎರಡನ್ನೂ ಒಂದು ಚೀಟಿಯಲ್ಲಿ ಕಟ್ಟಿ ಸ್ಪೀಕರ್ ಬಂದ ರಟ್ಟಿನ ಡಬ್ಬದಲ್ಲಿಡಿ. ಮುಂದೆ ಮಾರುವಾಗ ಕೇಳುವವರು ಇರುತ್ತಾರೆ.

ಮುರಿದದ್ದಕ್ಕೆ ಕೈ ಹಾಕುವ ಮೊದಲು ನಾಬ್ ಸಡಿಲಿಸಿ, ಅಡ್ಡ ತೂತಿಗೆ ಟಾರ್ಚ್ ಬಿಟ್ಟು ಒಂದು ಫೋಟೋ ಹಾಕಿ. ಕಾಲು ಎಷ್ಟು ಉಳಿದಿದೆ ಅಂತ ಕಂಡರೆ ಸೂಜಿಯಲ್ಲೇ ಆಗುತ್ತದಾ, ಸ್ಕ್ರೂ ಬೇಕಾ ಅಂತ ಹೇಳುತ್ತೇನೆ.